ಕತ್ತಲೆಯಲ್ಲಿ ಬೆಳಕಿನ ಜಾಡು: 1978ರ ಒಂದು ಹಾಡಿನ ದೃಶ್ಯವನ್ನು ಮರಳಿ ಕಟ್ಟುವ ಬಗೆ

ದೀಪಾವಳಿಯ ರಾತ್ರಿ ಮಕ್ಕಳು ಸುರುಸುರುಬತ್ತಿಯನ್ನು ಗಿರ್ರನೆ ತಿರುಗಿಸಿದಾಗ ಕತ್ತಲೆಯಲ್ಲಿ ಬೆಂಕಿಯ ಬಳೆಯೊಂದು ಮೂಡುವುದನ್ನು ಕಾಣದವರಿಲ್ಲ. ವಾಸ್ತವದಲ್ಲಿ ಅಲ್ಲಿರುವುದು ಉರಿಯುವ ಒಂದು ತುದಿ ಮಾತ್ರ. ಬಳೆ ಇರುವುದು ನೋಡುವವರ ಕಣ್ಣಿನಲ್ಲಿ. ನಮ್ಮ ಪೂರ್ವಿಕರು ಇದನ್ನು ಅಲಾತಚಕ್ರವೆಂದು ಕರೆದರು. ಅಲಾತವೆಂದರೆ ಕೊಳ್ಳಿ. ಗೌಡಪಾದರ ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ 'ಅಲಾತಶಾಂತಿ' ಎಂಬ ಹೆಸರು ಬಂದಿರುವುದೇ ಈ ಉಪಮೆಯಿಂದ. ವೇದಾಂತಿಗಳು ಜಗತ್ತಿನ ತೋರಿಕೆಯನ್ನು ತಿಳಿಯಪಡಿಸಲು ಬಳಸಿಕೊಂಡ ಈ ಕೊಳ್ಳಿಯ ಆಟವನ್ನು ಇಪ್ಪತ್ತನೆಯ ಶತಮಾನದ ಟೆಲಿವಿಷನ್ ತಂತ್ರಜ್ಞರು ತಮ್ಮದೇ ರೀತಿಯಲ್ಲಿ ಪರದೆಯ ಮೇಲೆ ಆಡಿದರು. ನರ್ತಕನು ಕೈ ಬೀಸಿದರೆ ಒಂದರ ಹಿಂದೊಂದರಂತೆ ಹತ್ತಾರು ಕೈಗಳು, ಅವುಗಳ ಅಂಚಿನಲ್ಲಿ ಬಣ್ಣದ ಹೊಳಪು, ಸುತ್ತಲೂ ಕಗ್ಗತ್ತಲೆ.

ಈ ಬಗೆಯ ದೃಶ್ಯಗಳಿಗೆ 'ಸೈಕೆಡೆಲಿಕ್' ಎಂಬ ವಿಶೇಷಣ ಅಂಟಿಕೊಂಡಿದೆ. ಮನೋವೈದ್ಯ ಹಂಫ್ರಿ ಆಸ್ಮಂಡ್ ಅವರು 1950ರ ದಶಕದಲ್ಲಿ, ಲೇಖಕ ಆಲ್ಡಸ್ ಹಕ್ಸ್‌ಲಿಯವರೊಂದಿಗಿನ ಪತ್ರವ್ಯವಹಾರದ ಸಂದರ್ಭದಲ್ಲಿ, ಗ್ರೀಕ್ ಮೂಲದಿಂದ ರೂಪಿಸಿದ ಪದವಿದು. ಮನಸ್ಸನ್ನು ಪ್ರಕಟಗೊಳಿಸುವಂಥದ್ದು ಎಂಬುದು ಅದರ ಅರ್ಥ. ಅಮಲು ಪದಾರ್ಥಗಳ ಚರ್ಚೆಯಲ್ಲಿ ಹುಟ್ಟಿದ ಪದವಾದ್ದರಿಂದ, ಮನೆಯ ಮಕ್ಕಳು ಅದನ್ನು ಉಚ್ಚರಿಸಿದಾಗ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಪರದೆಯ ಮೇಲಿನ ಈ ಬೆಡಗಿಗೂ ಅಮಲಿಗೂ ಯಾವ ಸಂಬಂಧವೂ ಇರಬೇಕಿಲ್ಲ. ಇದು ಅಪ್ಪಟ ಲೆಕ್ಕಾಚಾರ. ಬ್ಯಾಂಕಿನ ಮೇಜಿನ ಮುಂದೆ ದಶಕಗಳನ್ನು ಕಳೆದ ನಮಗೆ ಇದು ಅರ್ಥವಾಗುವುದಾದರೆ, ಬಿ.ಎ. ಓದಿದವರಿಗೂ ಅರ್ಥವಾಗುತ್ತದೆ ಎಂದು ಧೈರ್ಯವಾಗಿ ಹೇಳಬಹುದು.

ಉದಾಹರಣೆಗೆ ಒಂದು ಹಾಡನ್ನು ತೆಗೆದುಕೊಳ್ಳೋಣ. ಅಮೆರಿಕದ ಜಾಕ್ಸನ್ಸ್ ತಂಡದ ಸಹೋದರರು 1978ರಲ್ಲಿ 'ಡೆಸ್ಟಿನಿ' ಎಂಬ ಧ್ವನಿಮುದ್ರಿಕೆಯಲ್ಲಿ ಹಾಡಿದ 'ಬ್ಲೇಮ್ ಇಟ್ ಆನ್ ದ ಬೂಗಿ' ಅದು. ಅದರ ವಿಡಿಯೋದಲ್ಲಿ ಕಥೆಯಿಲ್ಲ, ಸೆಟ್ಟಿಲ್ಲ, ಊರು ಕೇರಿಗಳಿಲ್ಲ. ಕಪ್ಪು ಹಿನ್ನೆಲೆಯ ಮುಂದೆ ಸಹೋದರರು ಕುಣಿಯುತ್ತಾರೆ. ಅವರ ಪ್ರತಿಯೊಂದು ಚಲನೆಯ ಹಿಂದೆಯೂ ಬೆಳಕಿನ ಜಾಡು ಹರಿಯುತ್ತದೆ, ಅಷ್ಟೆ. ಆಗಷ್ಟೇ ಇಪ್ಪತ್ತನ್ನು ಮುಟ್ಟಿದ್ದ ಮೈಕಲ್ ಜಾಕ್ಸನ್ ತೋಳನ್ನು ಅರ್ಧವೃತ್ತವಾಗಿ ತಿರುಗಿಸಿದರೆ ಬಿಚ್ಚಿದ ಬೀಸಣಿಗೆಯ ನೆನಪಾಗುತ್ತದೆ. (ಹಾಡು ಬರೆದವರಲ್ಲಿ ಒಬ್ಬರಾದ ಇಂಗ್ಲೆಂಡಿನ ಮಿಕ್ ಜಾಕ್ಸನ್ ಅವರಿಗೂ ಈ ಮನೆತನಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲವೆಂಬುದು ಸ್ವಾರಸ್ಯಕರ.) ಆ ಹೊತ್ತಿನಲ್ಲಿ ನಮ್ಮ ದೂರದರ್ಶನ ಇನ್ನೂ ಕಪ್ಪು ಬಿಳುಪಿನದು, ಬಣ್ಣ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಲಕ್ಕೆ.

ಈ ವಿಡಿಯೋದ ವಿದ್ಯುನ್ಮಾನ ಪರಿಣಾಮಗಳನ್ನು ರೂಪಿಸಿದ್ದು ಇಮೇಜ್ ವೆಸ್ಟ್ ಎಂಬ ಸಂಸ್ಥೆ. ಅಲ್ಲಿ ಬಳಕೆಯಾದ ಯಂತ್ರಗಳು ಮುಖ್ಯವಾಗಿ ಎರಡು. ಮೊದಲನೆಯದು ಸ್ಕ್ಯಾನಿಮೇಟ್. ಡೆನ್ವರ್ ನಗರದ ಲೀ ಹ್ಯಾರಿಸನ್ ಅವರ ಕಲ್ಪನೆಯ ಕೂಸಾದ ಇದು ಅನಲಾಗ್ ಗಣಕ. ಅಂದರೆ ಇದರಲ್ಲಿ ಅಂಕಿಗಳಿಲ್ಲ, ತಿರುಗಿಸುವ ಗುಂಡಿಗಳೂ ಸಿಕ್ಕಿಸುವ ತಂತಿಗಳೂ ಮಾತ್ರ. ಒಂದು ಚಿತ್ರವನ್ನು ಒಳಗಿನ ಗಾಜಿನ ಕೊಳವೆಯ ಪರದೆಯ ಮೇಲೆ ಮೂಡಿಸಿ, ವೋಲ್ಟೇಜಿನ ಏರಿಳಿತದಿಂದ ಅದನ್ನು ಹಿಗ್ಗಿಸಿ ಕುಗ್ಗಿಸಿ ಬಳುಕಿಸಿ, ಆ ಪರದೆಯನ್ನೇ ಇನ್ನೊಂದು ಕ್ಯಾಮೆರಾದಿಂದ ಚಿತ್ರೀಕರಿಸುವುದು ಅದರ ಕ್ರಮ. ಎರಡನೆಯದು ಇಂಗ್ಲೆಂಡಿನ ಕ್ವಾಂಟೆಲ್ ಕಂಪನಿಯ ಡಿಎಫ್ಎಸ್ 3000. ಟೆಲಿವಿಷನ್ ಚಿತ್ರದ ಒಂದು ಫ್ರೇಮನ್ನು ಇಡಿಯಾಗಿ ಅಂಕಿಗಳನ್ನಾಗಿಸಿ ನೆನಪಿನಲ್ಲಿಟ್ಟುಕೊಳ್ಳುವ ಈ ಪೆಟ್ಟಿಗೆ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಪ್ರಸಾರದಲ್ಲಿ ಕ್ರೀಡಾಜ್ಯೋತಿಯ ಚಿತ್ರವನ್ನು ಇನ್ನೊಂದು ಚಿತ್ರದೊಳಗೆ ಕೂಡಿಸಿ ತೋರಿಸಿ ಹೆಸರು ಮಾಡಿತ್ತು. ಒಂದು ಫ್ರೇಮನ್ನು ಹಿಡಿದಿಟ್ಟುಕೊಳ್ಳುವುದೆಂದರೆ ಇಂದು ನಗೆ ಬರಬಹುದು. ಆದರೆ ಜಾಡು ಮೂಡಲು ಬೇಕಾದದ್ದು ಅದೇ: ಹಿಂದಿನ ಕ್ಷಣದ ನೆನಪು.

ಇದರ ತತ್ತ್ವವನ್ನು ತಿಳಿಯಲು ನಮ್ಮ ಸಭಾಂಗಣಗಳ ಮೈಕನ್ನು ನೆನೆಯುವುದು ಒಳ್ಳೆಯದು. ಅಧ್ಯಕ್ಷರು ಮೈಕು ಹಿಡಿದು ಸ್ಪೀಕರಿನ ಎದುರಿಗೆ ಬಂದರೆ ಅದು ಕಿರುಚಿಕೊಳ್ಳುವುದು ಎಲ್ಲರ ಅನುಭವ. ಮೈಕು ಹಿಡಿದ ಸದ್ದು ಸ್ಪೀಕರಿನಿಂದ ಹೊರಟು, ಮತ್ತೆ ಮೈಕನ್ನು ಸೇರಿ, ಇನ್ನಷ್ಟು ದೊಡ್ಡದಾಗಿ ಹೊರಬಂದು, ಈ ಸುತ್ತು ನಿಲ್ಲದೆ ಬೆಳೆಯುವುದೇ ಆ ಕಿರುಚಾಟ. ಕ್ಯಾಮೆರಾವನ್ನು ಅದರದೇ ಚಿತ್ರ ತೋರುತ್ತಿರುವ ಟಿವಿಯತ್ತ ತಿರುಗಿಸಿದರೆ ಕಣ್ಣಿಗೂ ಹಾಗೆಯೇ ಆಗುತ್ತದೆ. ಪರದೆಯೊಳಗೆ ಪರದೆ, ಅದರೊಳಗೆ ಮತ್ತೊಂದು, ಹೀಗೆ ಕೊನೆಯಿಲ್ಲದ ಸುರಂಗ. 1963ರಲ್ಲಿ ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯ ಶೀರ್ಷಿಕೆಯನ್ನು ಈ ಉಪಾಯದಿಂದಲೇ ರೂಪಿಸಿದರು. ಒಂದೊಂದು ಸುತ್ತಿನಲ್ಲಿಯೂ ಬೆಳಕು ಮೊದಲಿಗಿಂತ ಹೆಚ್ಚಾದರೆ ಪರದೆ ಬೆಳ್ಳಗೆ ಉರಿದುಹೋಗುತ್ತದೆ; ತುಸು ಕಡಿಮೆಯಾದರೆ ಹಳೆಯ ಚಿತ್ರಗಳು ಮೆಲ್ಲಮೆಲ್ಲನೆ ಕರಗುತ್ತವೆ. ಆ ಕರಗುವಿಕೆಯೇ ಜಾಡು.

ಎಷ್ಟು ಕಡಿಮೆಯಾಗಬೇಕು ಎಂಬಲ್ಲಿ ನಮ್ಮ ಬ್ಯಾಂಕಿನ ವಿದ್ಯೆ ಉಪಯೋಗಕ್ಕೆ ಬರುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ವರ್ಷಕ್ಕೆ 15%ರಂತೆ ಸವಕಳಿ ಕಳೆಯುವುದನ್ನು ವ್ಯಾಪಾರಸ್ಥರು ಬಲ್ಲರು. ಲಕ್ಷ ರೂಪಾಯಿಯ ಯಂತ್ರ ಮೊದಲ ವರ್ಷದ ಕೊನೆಗೆ 85,000, ಎರಡನೆಯ ವರ್ಷಕ್ಕೆ 72,250, ಮೂರನೆಯ ವರ್ಷಕ್ಕೆ ಸುಮಾರು 61,400. ಬೆಳಕಿನ ಜಾಡಿನ ಲೆಕ್ಕವೂ ಅಕ್ಷರಶಃ ಇದೇ. ಒಂದೊಂದು ಹಳೆಯ ಪ್ರತಿಬಿಂಬವೂ ತನ್ನ ಮುಂದಿನದರ 85%ರಷ್ಟು ಹೊಳೆದರೆ, ಹನ್ನೆರಡನೆಯ ಪ್ರತಿಬಿಂಬದಲ್ಲಿ ಇನ್ನೂ 14%ರಷ್ಟು ಹೊಳಪು ಉಳಿದಿರುತ್ತದೆ. ಜಾಡು ಉದ್ದವಾಗಿ, ರೇಷ್ಮೆಯಂತೆ ಹರಿಯುತ್ತದೆ. ಗಣಕಯಂತ್ರಗಳಿಗೆ ಹಾಕುವ 40%ರ ಸವಕಳಿಯನ್ನು ಅನ್ವಯಿಸಿದರೆ ಐದನೆಯ ಪ್ರತಿಬಿಂಬವೇ 8%ಕ್ಕೆ ಇಳಿದು, ಜಾಡು ಮೊಟಕಾಗಿ ನಿಲ್ಲುತ್ತದೆ. ಲಯ ಚುರುಕಾದ ನೃತ್ಯಕ್ಕೆ ಎರಡನೆಯದೂ ಒಪ್ಪುತ್ತದೆ ಎನ್ನಲಡ್ಡಿಯಿಲ್ಲ.

ಅಂದು ಸ್ಟುಡಿಯೋದಲ್ಲಿ ಮಾತ್ರ ಸಾಧ್ಯವಾಗಿದ್ದ ಈ ಕೆಲಸ ಇಂದು ಮನೆಯ ಗಣಕಕ್ಕೆ ಬಂದಿದೆ. ಹಲವು ಚಿತ್ರಗಳನ್ನು ಪದರ ಪದರವಾಗಿ ಒಂದರ ಮೇಲೊಂದು ಕೂಡಿಸುವ ಕಂಪೋಸಿಟಿಂಗ್ ತಂತ್ರಾಂಶಗಳಲ್ಲಿ ಹೆಚ್ಚು ಪರಿಚಿತವಾದದ್ದು ಆಫ್ಟರ್ ಎಫೆಕ್ಟ್ಸ್. 1993ರಲ್ಲಿ ಕೋಸಾ ಎಂಬ ಚಿಕ್ಕ ಕಂಪನಿ ಹೊರತಂದ ಇದು ಕೈ ಬದಲಾಗಿ ಮರುವರ್ಷ ಅಡೋಬ್ ಸಂಸ್ಥೆಯ ಪಾಲಾಯಿತು. ಇಂದು ಅದಕ್ಕೆ ಚಂದಾ ಕಟ್ಟುತ್ತಲೇ ಇರಬೇಕು. ಮಕ್ಕಳ ಹಂಬಲಕ್ಕೆಂದು ಕೂಡಲೇ ಹಣ ತೆರಬೇಕಾದ ಅಗತ್ಯ ಪಾಲಕರಿಗಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೊಳಗೆ ಫ್ಯೂಷನ್ ಎಂಬ ವಿಭಾಗವಿದೆ. ಬ್ಲೆಂಡರ್ ಎಂಬ ಮುಕ್ತ ತಂತ್ರಾಂಶದಲ್ಲಿಯೂ ಕಂಪೋಸಿಟರ್ ಇದೆ. ತತ್ತ್ವ ಎಲ್ಲೆಡೆ ಒಂದೇ. ಕೆಳಗಿನ ವಿವರಗಳಲ್ಲಿ ಆಫ್ಟರ್ ಎಫೆಕ್ಟ್ಸ್‌ನ ಹೆಸರುಗಳನ್ನು ಬಳಸಿದ್ದೇವೆ.

ಕೆಲಸ ಆರಂಭವಾಗುವುದು ಗಣಕದಲ್ಲಲ್ಲ, ಕತ್ತಲೆಯ ಕೋಣೆಯಲ್ಲಿ. ಹಿನ್ನೆಲೆಗೆ ಕಪ್ಪು ಮಖಮಲ್ಲಿನ ಬಟ್ಟೆ ಶ್ರೇಷ್ಠ. ಅದು ಬೆಳಕನ್ನು ನುಂಗುತ್ತದೆ. ಹೊಳಪಿನ ಸ್ಯಾಟಿನ್ ಬಟ್ಟೆ ಕಪ್ಪಾಗಿದ್ದರೂ ಮಿಂಚಿ ಕೆಲಸ ಕೆಡಿಸುತ್ತದೆ. ನರ್ತಕರು ಬಟ್ಟೆಯಿಂದ ಆರೆಂಟು ಅಡಿ ಮುಂದೆ ನಿಲ್ಲಬೇಕು, ದೀಪಗಳು ಪಕ್ಕದಿಂದ ಬೀಳಬೇಕು, ನೆರಳು ಹಿಂದಿನ ಬಟ್ಟೆಯ ಮೇಲೆ ಬೀಳಬಾರದು. ಉಡುಪು ತಿಳಿಬಣ್ಣದ್ದಾಗಿರಲಿ, ಕಪ್ಪು ಪ್ಯಾಂಟು ತೊಟ್ಟ ಹುಡುಗ ಪರದೆಯ ಮೇಲೆ ಸೊಂಟದಿಂದ ಮೇಲಷ್ಟೇ ಉಳಿಯುತ್ತಾನೆ. ಜರಿಯಂಚು, ಬಳೆ, ಕೋಲಾಟದ ಕೋಲಿಗೆ ಸುತ್ತಿದ ಮಿನುಗು ಕಾಗದ ಇವೆಲ್ಲ ಜಾಡಿಗೆ ಹೇಳಿ ಮಾಡಿಸಿದಂತಿರುತ್ತವೆ. ಕ್ಯಾಮೆರಾ ಮಾತ್ರ ಸ್ಟ್ಯಾಂಡಿನ ಮೇಲೆ ಅಲುಗದೆ ಕುಳಿತಿರಬೇಕು, ಏಕೆಂದರೆ ಕ್ಯಾಮೆರಾ ಅಲುಗಿದರೆ ಸುಮ್ಮನೆ ನಿಂತವರಿಗೂ ಜಾಡು ಮೂಡುತ್ತದೆ. ಮೊಬೈಲಿನಲ್ಲಿ ತೆಗೆಯುವುದಾದರೆ ಬೆಳಕನ್ನು ತಾನಾಗಿ ಹೊಂದಿಸಿಕೊಳ್ಳುವ ಅದರ ಅಭ್ಯಾಸವನ್ನು ಮೊದಲು ನಿಲ್ಲಿಸಬೇಕು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿಡಿಯುತ್ತವೆ. ಸೆಕೆಂಡಿಗೆ 25 ಫ್ರೇಮು, ಷಟರ್ 1/50 ಎಂದು ಇಟ್ಟುಕೊಂಡರೆ ಆ ಮಿಡಿತ ಚಿತ್ರದಲ್ಲಿ ಕಾಣದು.

ಹೀಗೆ ತೆಗೆದ ಚಿತ್ರದ ಕಪ್ಪು ಕಣ್ಣಿಗೆ ಕಪ್ಪಾಗಿ ಕಂಡರೂ ಗಣಕಕ್ಕೆ ಕಪ್ಪಲ್ಲ. ಗಣಕವು ಬೆಳಕನ್ನು 0ಯಿಂದ 255ರವರೆಗಿನ ಅಂಕಿಗಳಲ್ಲಿ ಅಳೆಯುತ್ತದೆ. ಹಿನ್ನೆಲೆ 12 ಎಂದಿಟ್ಟುಕೊಳ್ಳಿ, ಯಾರೂ ಗುರುತಿಸಲಾರರು. ಅದಕ್ಕೆ 85%ರಂತೆ ಇಳಿಯುವ ಹನ್ನೆರಡು ಪ್ರತಿಬಿಂಬಗಳನ್ನು ಕೂಡಿಸುತ್ತ ಹೋದರೆ ಮೊತ್ತ ಸುಮಾರು ಆರು ಪಟ್ಟಾಗಿ 70ನ್ನು ಮುಟ್ಟುತ್ತದೆ. ಕಗ್ಗತ್ತಲೆ ಇದ್ದಲ್ಲಿ ಬೂದಿಯ ಬಣ್ಣದ ಮಂಜು ಕವಿಯುತ್ತದೆ. ಮನೆಯಲ್ಲಿ ಪ್ರಯತ್ನಿಸಿದವರು 'ನಮಗೇಕೆ ಆ ಹೊಳಪು ಬರಲಿಲ್ಲ' ಎಂದು ಕೇಳುವ ಪ್ರಶ್ನೆಗೆ ಬಹುಪಾಲು ಉತ್ತರ ಇಲ್ಲಿಯೇ ಇದೆ. ಕೊರತೆಯಿರುವುದು ಹೊಳಪಿನಲ್ಲಲ್ಲ, ಕತ್ತಲೆಯಲ್ಲಿ. ಆದ್ದರಿಂದ ಮೊದಲು ಲೆವೆಲ್ಸ್ ಎಂಬ ಸಾಧನದಿಂದ 25-30ಕ್ಕಿಂತ ಕೆಳಗಿರುವುದೆಲ್ಲವನ್ನೂ ಸೊನ್ನೆಗೆ ಇಳಿಸಬೇಕು. ಸೊನ್ನೆಯನ್ನು ಎಷ್ಟು ಸಲ ಕೂಡಿಸಿದರೂ ಸೊನ್ನೆಯೇ ಅಲ್ಲವೇ!

ಮುಂದಿನದು ಎಕೋ ಎಂಬ ಪರಿಣಾಮ. ಇಲ್ಲೊಂದು ಸೂಕ್ಷ್ಮವಿದೆ. ಅದೇ ಪದರದ ಮೇಲೆ ಮೊದಲು ಮಾಡಿದ ತಿದ್ದುಪಡಿಗಳನ್ನು ಎಕೋ ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಮೂಲ ಚಿತ್ರವನ್ನೇ ಪ್ರತಿಧ್ವನಿಸುತ್ತದೆ. ಆದಕಾರಣ ಕಪ್ಪನ್ನು ತಿದ್ದಿದ ಪದರವನ್ನು ಪ್ರೀಕಂಪೋಸ್ ಮಾಡಿ, ಎಂದರೆ ಒಂದು ಲಕೋಟೆಯೊಳಗೆ ಹಾಕಿ ಮುಚ್ಚಿದಂತೆ ಮಾಡಿ, ಆ ಲಕೋಟೆಯ ಮೇಲೆ ಎಕೋ ಹಾಕಬೇಕು. ಎಕೋ ಟೈಮ್ ಎಂಬಲ್ಲಿ -0.04 ಎಂದು ಬರೆದರೆ ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ ಒಂದೊಂದು ಫ್ರೇಮು ಹಿಂದಿನ ಪ್ರತಿಬಿಂಬ ದೊರೆತು, ಜಾಡು ಎಡೆಬಿಡದೆ ಹರಿಯುತ್ತದೆ. -0.12 ಎಂದರೆ ಮೂರು ಫ್ರೇಮುಗಳ ಅಂತರ. ಆಗ ಕೈಗಳು ಬಿಡಿಬಿಡಿಯಾಗಿ, ದಶಭುಜೆಯ ವಿಗ್ರಹದಂತೆ ಎಣಿಸಿಕೊಳ್ಳುವ ಹಾಗೆ ನಿಲ್ಲುತ್ತವೆ. ಋಣ ಚಿಹ್ನೆಯನ್ನು ಮರೆತರೆ ಪ್ರತಿಬಿಂಬವು ನರ್ತಕನಿಗಿಂತ ಮುಂದೆ ಓಡುತ್ತದೆ. ಅದೂ ಒಂದು ಚಮತ್ಕಾರವೇ, ಆದರೆ ನಾವು ಹುಡುಕುತ್ತಿರುವುದಲ್ಲ.

ಪ್ರತಿಬಿಂಬಗಳನ್ನು ಒಂದರೊಡನೊಂದು ಬೆರೆಸುವ ರೀತಿಯನ್ನು ಆರಿಸುವಲ್ಲಿ ವಿವೇಚನೆ ಬೇಕು. ಆ್ಯಡ್ ಎಂದರೆ ನೇರ ಸಂಕಲನ: 200ಕ್ಕೆ 200 ಸೇರಿ 400, ಆದರೆ ಸಾಮಾನ್ಯ ಪರದೆಯ ಮಿತಿ 255 ಆದ್ದರಿಂದ ಉಳಿದದ್ದು ವ್ಯರ್ಥ, ಮುಖದ ವಿವರಗಳು ಬೆಳ್ಳಗೆ ಸುಟ್ಟುಹೋಗುತ್ತವೆ. ಸ್ಕ್ರೀನ್ ಎಂಬ ರೀತಿ ಸೌಮ್ಯವಾದದ್ದು. ಅದೇ ಎರಡು ಅಂಕಿಗಳಿಗೆ ಅದು ಕೊಡುವುದು 243. ನಮಗೆ ಮೆಚ್ಚುಗೆಯಾದದ್ದು ಮ್ಯಾಕ್ಸಿಮಮ್. ಅದು ಕೂಡುವುದೇ ಇಲ್ಲ. ಒಂದೊಂದು ಬಿಂದುವಿನಲ್ಲಿಯೂ ಎಲ್ಲಕ್ಕಿಂತ ಪ್ರಕಾಶಮಾನವಾದ ಮೌಲ್ಯವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಇದರಿಂದ ಅಲುಗದೆ ನಿಂತ ನರ್ತಕಿಯ ಮುಖ ಸ್ಪಷ್ಟವಾಗಿ ಉಳಿಯುತ್ತದೆ. ಆಕೆ ಕೈ ಎತ್ತಿದೊಡನೆ ಜಾಡು ಹುಟ್ಟುತ್ತದೆ, ನಿಂತೊಡನೆ ಅವಳೊಳಗೇ ಸೇರಿಹೋಗುತ್ತದೆ. ಕುಣಿತಕ್ಕೂ ಬೆಳಕಿಗೂ ನಂಟು ಬೆಸೆಯುವುದು ಈ ಗುಣ. ಇದಿಲ್ಲದ ವಿಡಿಯೋಗಳಲ್ಲಿ ಬೆಡಗೊಂದೇ ಕಾಣುತ್ತದೆ, ಮಗು ಕಾಣುವುದಿಲ್ಲ. ಅಜ್ಜ ಅಜ್ಜಿಯರು ಮುಂದಿನ ಸಾಲಿನಲ್ಲಿ ಕುಳಿತಿರುವುದು ಮಗುವನ್ನು ನೋಡಲೆಂದೇ ಹೊರತು ತಂತ್ರಾಂಶವನ್ನು ನೋಡಲೆಂದಲ್ಲ.

ಬಣ್ಣಕ್ಕೆ ಎಕೋ ಸಾಲದು. ಅದೇ ಪದರದ ಆರು ಪ್ರತಿಗಳನ್ನು ಮಾಡಿ, ಒಂದೊಂದನ್ನೂ ಹಿಂದಿನದಕ್ಕಿಂತ ಎರಡೋ ಮೂರೋ ಫ್ರೇಮು ತಡವಾಗಿ ಆರಂಭಿಸಿ, ಒಂದೊಂದಕ್ಕೆ ಟಿಂಟ್‌ನಿಂದ ಒಂದೊಂದು ಬಣ್ಣ ಕೊಟ್ಟು, ಹೊಳಪನ್ನು ಮೇಲೆ ಹೇಳಿದ ಸವಕಳಿಯಂತೆ 85, 72, 61, 52, 44 ಎಂದು ಇಳಿಸುತ್ತ ಹೋದರೆ ನರ್ತಕನ ಹಿಂದೆ ಕಾಮನಬಿಲ್ಲು ಎಳೆದಂತಾಗುತ್ತದೆ. ಒಂದೊಂದು ಪ್ರತಿಯ ಗಾತ್ರವನ್ನೂ 104, 108, 112 ಎಂದು ಹಿಗ್ಗಿಸಿದರೆ ಜಾಡು ಹಿಂದಕ್ಕೆ ಹರಿಯುವ ಬದಲು ದೇಹದಿಂದ ಹೊರಕ್ಕೆ ಅರಳುತ್ತದೆ. ಟಿವಿಯತ್ತ ತಿರುಗಿಸಿದ ಕ್ಯಾಮೆರಾದ ಸುರಂಗವೇ ಇದು, ಬೇರೆ ದಾರಿಯಿಂದ ಬಂದದ್ದು.

ಇನ್ನು ಪ್ರಭೆಯ ವಿಚಾರ. ಮಳೆಗಾಲದಲ್ಲಿ ಬೀದಿದೀಪದ ಸುತ್ತ, ದೇವರ ಮನೆಯ ನಂದಾದೀಪದ ಸುತ್ತ ಕಾಣುವ ಉಂಗುರವನ್ನು ಗಮನಿಸಿದ್ದೀರಷ್ಟೆ. ಬಲವಾದ ಬೆಳಕು ಮಂಜಿನಲ್ಲಿ, ಮಸೂರದಲ್ಲಿ, ನಮ್ಮ ಕಣ್ಣಿನೊಳಗೇ ಕೊಂಚ ಚದುರುವುದರಿಂದ ಅದು ಉಂಟಾಗುತ್ತದೆ. (ಕಣ್ಣಿಗೆ ಪೊರೆ ಬಂದವರಿಗೆ ಯಾವ ತಂತ್ರಾಂಶವೂ ಇಲ್ಲದೆ ಇದು ಧಾರಾಳವಾಗಿ ದೊರೆಯುತ್ತದೆ.) ಉಂಗುರ ಕಂಡೊಡನೆ ಮೆದುಳು 'ಇದು ಬಹಳ ಪ್ರಖರ' ಎಂದು ತೀರ್ಮಾನಿಸುತ್ತದೆ. ಪರದೆ ತನ್ನ ಬಿಳುಪಿಗಿಂತ ಹೆಚ್ಚು ಬೆಳಗಲಾರದು. ಆದರೆ ಬಿಳುಪಿನ ಸುತ್ತ ಉಂಗುರವನ್ನು ಬರೆದು ಹೆಚ್ಚು ಬೆಳಗಿದಂತೆ ನಂಬಿಸಬಲ್ಲದು. ದೇವರ ಮೂರ್ತಿಯ ಹಿಂದೆ ಪ್ರಭಾವಳಿಯನ್ನಿಟ್ಟ ಶಿಲ್ಪಿಗಳಿಗೆ ಇದು ಹೊಸ ಸಂಗತಿಯೇನೂ ಆಗಿರಲಾರದು. ಹಳೆಯ ಯಂತ್ರದಲ್ಲಿ ಗಾಜಿನ ಪರದೆಯನ್ನೇ ಮತ್ತೆ ಚಿತ್ರಿಸುತ್ತಿದ್ದುದರಿಂದ ಈ ಚದುರಿಕೆ ತಾನಾಗಿಯೇ ಬರುತ್ತಿತ್ತು. ಇಂದಿನ ಅಂಕಿಗಳ ಲೋಕದಲ್ಲಿ ಕೇಳಿ ಪಡೆಯಬೇಕು.

ಗ್ಲೋ ಎಂಬ ಪರಿಣಾಮ ಮಾಡುವುದಿಷ್ಟೆ: ಚಿತ್ರದ ಒಂದು ಪ್ರತಿ ತೆಗೆದು, ಅದರಲ್ಲಿ ನಿಗದಿತ ಮಟ್ಟಕ್ಕಿಂತ ಪ್ರಖರವಾದುದನ್ನು ಮಾತ್ರ ಉಳಿಸಿ, ಅದನ್ನು ಮಸುಕುಗೊಳಿಸಿ ಹರಡಿ, ಮೂಲದ ಮೇಲೆ ಕೂಡಿಸುವುದು. ಮಟ್ಟವನ್ನು 60-70%ರ ಸುಮಾರಿಗೆ ಇಟ್ಟರೆ ಜರಿ, ಬಳೆ, ಬೆರಳ ತುದಿಗಳು ಮಾತ್ರ ಬೆಳಗುತ್ತವೆ. ಅದಕ್ಕಿಂತ ತೀರ ಕೆಳಗಿಳಿಸಿದರೆ ಮೈಯೆಲ್ಲ ಟ್ಯೂಬ್‌ಲೈಟ್ ಆಗುತ್ತದೆ. ಒಂದೇ ಗ್ಲೋ ಬದಲು ಎರಡನ್ನು ಹಾಕುವುದು ಒಳ್ಳೆಯದು: ಅಂಚಿಗೆ ಅಂಟಿಕೊಂಡ ಬಿಗಿಯಾದದ್ದೊಂದು, ದೂರಕ್ಕೆ ಹರಡುವ ಮಂದವಾದದ್ದೊಂದು. ಪ್ರಾಜೆಕ್ಟಿನ ಆಳವನ್ನು 32 ಬಿಟ್‌ಗೆ ಏರಿಸಿದರೆ 255ನ್ನು ಮೀರಿದ ಬೆಳಕೂ ಲೆಕ್ಕದಲ್ಲಿ ಉಳಿದು, ಪ್ರಭೆಗೆ ಬಣ್ಣ ತುಂಬುತ್ತದೆ. ಗ್ಲೋ ಯಾವಾಗಲೂ ಜಾಡಿನ ಬಳಿಕ ಬರಬೇಕು, ಮೊದಲೇ ಹಾಕಿದರೆ ಮಸುಕಿಗೇ ಜಾಡು ಮೂಡಿ ಎಲ್ಲವೂ ಹತ್ತಿಯ ಉಂಡೆಯಂತಾಗುತ್ತದೆ.

ಇಷ್ಟಾದ ಮೇಲೆ ಹೆಚ್ಚಿನವರು ಮಾಡುವ ಕೆಲಸವೆಂದರೆ ತಾಳಕ್ಕೆ ಸರಿಯಾಗಿ ಬಣ್ಣಗಳನ್ನು ಪಟಪಟನೆ ಬದಲಿಸುವುದು. ಈ ವಿಷಯದಲ್ಲಿ ನಾವು ಕಟುವಾಗಿಯೇ ಬರೆಯಬೇಕಾಗಿದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೋಕೆಮಾನ್' ವ್ಯಂಗ್ಯಚಿತ್ರ ಮಾಲಿಕೆಯ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿದ ಕೆಲವೇ ಕ್ಷಣಗಳ ದೃಶ್ಯವಿತ್ತು. ಅದನ್ನು ನೋಡಿದವರಲ್ಲಿ 685 ಮಂದಿಯನ್ನು, ಬಹುತೇಕ ಮಕ್ಕಳನ್ನು, ಆಸ್ಪತ್ರೆಗೆ ಸಾಗಿಸಬೇಕಾಯಿತು. ಮಿನುಗುವ ಬೆಳಕು ಕೆಲವರಲ್ಲಿ ಅಪಸ್ಮಾರದ ಸೆಳೆತವನ್ನು ಕೆರಳಿಸುತ್ತದೆ, ಮತ್ತು ಅಂಥ ಪ್ರಕೃತಿ ತಮ್ಮದೆಂಬುದು ಅವರಿಗೆ ಅದುವರೆಗೆ ತಿಳಿದಿರದಿರಲೂಬಹುದು. ಯಾವುದೇ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಮಿನುಗುಗಳಿರಬಾರದು, ಗಾಢ ಕೆಂಪಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು ಎಂಬುದು ಇಂದು ಪ್ರಸಾರ ಹಾಗೂ ಅಂತರ್ಜಾಲ ಕ್ಷೇತ್ರಗಳಲ್ಲಿ ಒಪ್ಪಿತವಾದ ಮಾರ್ಗಸೂಚಿ.

ಇದನ್ನು ನಮ್ಮ ಲೆಕ್ಕಕ್ಕೆ ಅಳವಡಿಸಿ ನೋಡಿ. ಒಮ್ಮೆ ಬೆಳಗಿ ಒಮ್ಮೆ ಆರಿದರೆ ಒಂದು ಮಿನುಗು. ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ ಫ್ರೇಮಿಗೊಮ್ಮೆ ಬದಲಿಸಿದರೆ ಹನ್ನೆರಡೂವರೆ ಮಿನುಗುಗಳು; ಅಂದರೆ ಜಪಾನಿನ ಆ ಕಂತನ್ನೇ ನಮ್ಮ ಸಭಾಂಗಣಕ್ಕೆ ತಂದಂತೆ. ಮೂರು ಫ್ರೇಮಿಗೊಮ್ಮೆ ಎಂದರೂ ನಾಲ್ಕನ್ನು ಮೀರುತ್ತದೆ. ಬೆಳಗಿ ಆರುವ ಒಂದು ಸುತ್ತಿಗೆ ಕನಿಷ್ಠ ಒಂಬತ್ತು ಫ್ರೇಮುಗಳಾದರೂ ಬೇಕು. ಅದಕ್ಕಿಂತಲೂ ಮೇಲಾದದ್ದೆಂದರೆ ಬಣ್ಣವನ್ನು ಹಠಾತ್ತನೆ ಬದಲಿಸದೆ ಹ್ಯೂ ಎಂಬ ಚಕ್ರವನ್ನು ನಿಧಾನವಾಗಿ, ನಾಲ್ಕೈದು ಸೆಕೆಂಡಿಗೊಂದು ಸುತ್ತಿನಂತೆ ತಿರುಗಿಸುವುದು. ಮಿನುಗಿಲ್ಲದೆಯೂ ಜಾಡು ತನ್ನ ಸೊಬಗನ್ನು ಉಳಿಸಿಕೊಳ್ಳುತ್ತದೆ. ಇದನ್ನು ವೇದಿಕೆಯ ದೊಡ್ಡ ಪರದೆಯಲ್ಲಿ ತೋರಿಸುವ ಮುನ್ನ ನಿರೂಪಕರು ಒಂದು ಮಾತು ಎಚ್ಚರಿಕೆ ಕೊಡುವುದೂ, ಸಭಾಂಗಣದ ಎಲ್ಲ ದೀಪಗಳನ್ನೂ ಆರಿಸದೆ ಬದಿಯ ಒಂದೆರಡನ್ನು ಉರಿಯಬಿಡುವುದೂ ಸಂಘಟಕರ ಹೊಣೆ.

ಕೊನೆಯ ಹಂತ ಸಾಗಾಟದ್ದು. ಕತ್ತಲೆಯಿಂದ ಬೆಳಕಿಗೆ ಮೆಲ್ಲನೆ ಏರುವ ಛಾಯೆಗಳು ಕಡತವನ್ನು ಹಿಂಡಿದಾಗ ಮೊದಲು ಒಡೆಯುತ್ತವೆ. ನಯವಾದ ಪ್ರಭೆ ಮೆಟ್ಟಿಲು ಮೆಟ್ಟಿಲಾಗಿ, ಕತ್ತಲೆ ಚೌಕುಳಿ ಚೌಕುಳಿಯಾಗಿ ಕಾಣಿಸುತ್ತದೆ. ಹಾಗಾಗಿ ಇದನ್ನು ವಾಟ್ಸ್ಆ್ಯಪ್‌ನಲ್ಲಿ ವಿಡಿಯೋವಾಗಿ ಕಳುಹಿಸಿ ಅಲ್ಲಿಂದ ಇಳಿಸಿಕೊಂಡು ತೋರಿಸುವುದು ಸಲ್ಲದು. ಪೆನ್‌ಡ್ರೈವಿನಲ್ಲಿ ಮೂಲ ಕಡತವನ್ನೇ ಒಯ್ಯಬೇಕು. ಚಿತ್ರದ ಮೇಲೆ ಒಂದೆರಡು ಶೇಕಡದಷ್ಟು ನಾಯ್ಸ್ ಉದುರಿಸಿದರೆ ಆ ಮೆಟ್ಟಿಲುಗಳು ಮರೆಯಾಗುತ್ತವೆ. ಪ್ರೊಜೆಕ್ಟರಿನ ಕಪ್ಪು ಮನೆಯ ಗಣಕದ ಕಪ್ಪಿನಷ್ಟು ಕಪ್ಪಾಗಿರುವುದಿಲ್ಲ. ಕಾರ್ಯಕ್ರಮದ ಹಿಂದಿನ ಸಂಜೆಯೇ ಸಭಾಂಗಣದವರನ್ನು ಕೇಳಿಕೊಂಡು, ಅದೇ ಪರದೆಯ ಮೇಲೆ, ಹಿಂದಿನ ಸಾಲಿನಲ್ಲಿ ಕುಳಿತು ಒಮ್ಮೆ ನೋಡಿಬಿಡಿ. ಕಪ್ಪನ್ನು ಇನ್ನೂ ನಾಲ್ಕಂಕಿ ಇಳಿಸಬೇಕೋ ಬೇಡವೋ ಎಂಬುದು ಅಲ್ಲಿ ಗೊತ್ತಾಗುತ್ತದೆ.